ಒತ್ತುವ ಬಟನ್ನಿಗೇ ಒತ್ತಕ್ಷರ ಬಾರದಿದ್ದರೆ

ಕಂಪ್ಯೂಟರ್ ಪರದೆ ಮೇಲೆ ಕಾಣೋ ಬಟನ್ನು, ಮೆನು, ಟೈಪಿಸುವ ಡಬ್ಬಿ ಇವನ್ನೆಲ್ಲ ಬಿಡಿಸೋದು ಯಾರು? ಇಂಗ್ಲಿಷಲ್ಲಿ ಕೆಲಸ ಮಾಡೋರಿಗೆ ಈ ಪ್ರಶ್ನೆ ಬರೋದೇ ಇಲ್ಲ. ಕನ್ನಡದಲ್ಲಿ ನಾಲ್ಕಕ್ಷರ ಟೈಪಿಸೋ ನಮ್ಮಂಥವರಿಗೆ ಮಾತ್ರ ಇವತ್ತಲ್ಲ ನಾಳೆ ಬಂದೇ ಬರುತ್ತೆ.

ದಾರಿ ಎರಡಿವೆ. ಒಂದು, ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳೋದು: "ಇಲ್ಲೊಂದು ಬಟನ್ ಕೊಡಪ್ಪಾ, ಮೇಲೆ 'ಉಳಿಸಿ' ಅಂತ ಬರಿ." ವಿಂಡೋಸ್ ತನ್ನ ಬಟನ್ ಕೊಡುತ್ತೆ, ಮ್ಯಾಕ್ ತನ್ನದು ಕೊಡುತ್ತೆ. ಇದಕ್ಕೆ ನೇಟಿವ್ ಅಂತಾರೆ. ಇನ್ನೊಂದು, ಒಂದು ಖಾಲಿ ಕಿಟಕಿ ಮಾತ್ರ ಇಸ್ಕೊಂಡು ಗೆರೆ, ಬಣ್ಣ, ನೆರಳು, ಅಕ್ಷರ ಎಲ್ಲ ತಾನೇ ಬಿಡಿಸೋದು. ಇದು ಕಸ್ಟಮ್. ಮದುವೆ ಛತ್ರದವರ ಪಾತ್ರೆಪಡಗ ಬೇಡ, ಎಲ್ಲ ನಾವೇ ತರ್ತೀವಿ ಅಂದ ಹಾಗೆ. ತರಬಹುದು ಸ್ವಾಮಿ, ಚೆಂದದ್ದೇ ತರಬಹುದು. ಆದ್ರೆ ಈಳಿಗೆಮಣೆ ಮರೆತು ಬಂದ್ರೆ ಛತ್ರದವರು ಹೊಣೆಯಲ್ಲ. ಕಸ್ಟಮ್ ಟೂಲ್‌ಕಿಟ್‌ಗಳವರು ಹೀಗೆ ಮನೇಲಿ ಮರೆತು ಬರೋ ಈಳಿಗೆಮಣೆ ಯಾವುದು ಗೊತ್ತಾ? ನಮ್ಮ ಒತ್ತಕ್ಷರ!

ಇಲ್ಲಿ ನಾಗಪುರದ ಮಹಾಲಿನಲ್ಲಿ ನೆಲೆಸಿ ದಶಕಗಳೇ ಕಳೆದವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದ್ರೆ ಮರಾಠಿ. ಕೆಲವು ವರ್ಷದ ಹಿಂದೆ ಬಳಗದಲ್ಲೊಂದು ಮದುವೆ, ಊರಿನವರಿಗೆ ಕನ್ನಡದಲ್ಲೇ ಲಗ್ನಪತ್ರಿಕೆ ಆಗ್ಲಿ ಅಂತ ಗಲ್ಲಿಯ ಒಂದು ಡಿಟಿಪಿ ಅಂಗಡಿಗೆ ಹೋದೆ. ಯೂನಿಕೋಡಲ್ಲಿ ಟೈಪಿಸಿ ಒಯ್ದಿದ್ದೆ, ನೋಟ್‌ಪ್ಯಾಡಲ್ಲಿ ಮುತ್ತಿನ ಹಾಗಿತ್ತು. ಹುಡುಗ ಅದನ್ನ ತನ್ನ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದ, ಲಕ್ಷ್ಮಿ ಹೋಗಿ 'ಲಕ್‌ಷ್‌ಮಿ' ಆಯ್ತು, ಧರ್ಮ 'ಧರ್‌ಮ' ಆಯ್ತು. ಅವನು ಪಾಪ ಒಳ್ಳೆ ಹುಡುಗ, ತಿರುಗಿ ನೋಡಿ ಕೇಳಿದ: "ಕಾಕಾ, ತುಮ್ಚಿ ಅಕ್ಷರಂ ಅಶೀಚ್ ಅಸತಾತ್ ಕಾ?" ನಿಮ್ಮ ಅಕ್ಷರ ಹೀಗೇ ಇರ್ತಾವಾ ಅಂತ. ನಾನು ಅವನಿಗೆ ಮರಾಠಿಯಲ್ಲೇ 'ವಿದರ್ಭ' ಅಂತ ಟೈಪ್ ಮಾಡು ಅಂದೆ. ದೇವನಾಗರಿಯಲ್ಲಿ ಆ ಹ್ರಸ್ವ ಇಕಾರ ವ-ಕಾರದ ಮುಂಚೆ ಬರಬೇಕು, ರೇಫ ಭ-ಕಾರದ ತಲೆ ಮೇಲೆ ಕೂರಬೇಕು. ಎರಡೂ ಕೆಟ್ಟಿತ್ತು. ತನ್ನ ಸೀಮೆಯ ಹೆಸರೇ ಮುರಿದು ಬಿದ್ದಾಗ ಅವನಿಗೆ ಅರ್ಥ ಆಯ್ತು, ತಪ್ಪು ಲಿಪಿಯದ್ದಲ್ಲ ಅಂತ. (ಕೊನೆಗೆ ಹಳೇ ನುಡಿ ಫಾಂಟ್ ಹಾಕಿಯೇ ಪತ್ರಿಕೆ ಅಚ್ಚಾಯ್ತು, ಆ ಮಾತಿಗೆ ಆಮೇಲೆ ಬರ್ತೀನಿ.)

ಯಾಕೆ ಹೀಗಾಗುತ್ತೆ? 'ಧರ್ಮ' ಅಂತ ಕಂಪ್ಯೂಟರ್ ಒಳಗೆ ಇರೋದು ಧ, ರ, ಹಲಂತ, ಮ ಅನ್ನೋ ಸಾಲು. ಅದನ್ನ ನೋಡಿ, ಇಲ್ಲಿ ರ-ಕಾರ ಅರ್ಕಾವತ್ತಾಗಿ ಮ-ಕಾರದ ಆಚೆ ಹೋಗಬೇಕು ಅಂತ ತೀರ್ಮಾನಿಸೋಕೆ ಒಂದು ಯಂತ್ರ ಬೇಕು. ಅದಕ್ಕೆ ಶೇಪಿಂಗ್ ಅಂತಾರೆ. ವಿಂಡೋಸಲ್ಲಿ ಬಹುಕಾಲ ಆ ಕೆಲಸ ಮಾಡಿದ್ದು ಯೂನಿಸ್ಕ್ರೈಬ್. ನೇಟಿವ್ ಬಟನ್ ಬಳಸಿದ ಪ್ರೋಗ್ರಾಮಿಗೆ ಇದು ಕೇಳದೇನೇ ಸಿಗ್ತಿತ್ತು. ಪ್ರೋಗ್ರಾಮ್ ಬರೆದವನಿಗೆ ಕನ್ನಡ ಅನ್ನೋ ಭಾಷೆ ಇದೆ ಅಂತ ಗೊತ್ತಿರಬೇಕಾಗಿಯೂ ಇರಲಿಲ್ಲ! ತಾನೇ ಅಕ್ಷರ ಬಿಡಿಸ್ತೀನಿ ಅಂತ ಹೊರಟವನು, ಎ ಆದ್ಮೇಲೆ ಬಿ, ಬಿ ಆದ್ಮೇಲೆ ಸಿ ಅಂತ ಎಡದಿಂದ ಬಲಕ್ಕೆ ಇಟ್ಟಿಗೆ ಜೋಡಿಸಿದಂತೆ ಜೋಡಿಸಿ ಕೈ ತೊಳ್ಕೋತಾನೆ.

ಈ ಸವಲತ್ತು ನಮಗೆ ಬಂದಿದ್ದೂ ತಡವಾಗಿಯೇ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದಿತ್ತು. ಕನ್ನಡಕ್ಕೆ 2001ರ ಎಕ್ಸ್‌ಪಿ ಬೇಕಾಯ್ತು, ತುಂಗಾ ಫಾಂಟಿನ ಜೊತೆ. ಅದೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಕಡೆ ಟಿಕ್ ಹಾಕಿ, ಸಿ.ಡಿ. ತೂರಿಸಿದ ಮೇಲೆ. ಆ ಸಿ.ಡಿ. ಯಾರ ಮನೇಲಿತ್ತು ಹೇಳಿ!

ಇನ್ನು ಅಕ್ಷರ ಕೂಡಿ ಬಂದ್ರೂ ಎತ್ತರದ ರಗಳೆ ಇದ್ದೇ ಇದೆ. ಇಂಗ್ಲಿಷಲ್ಲಿ ಗೆರೆ ಕೆಳಗೆ ಇಳಿಯೋದು ಜಿ, ವೈ, ಪಿ ಇಂಥವುಗಳ ಪುಟ್ಟ ಬಾಲ. ನಮ್ಮಲ್ಲಿ ಒತ್ತಕ್ಷರ ಪೂರ್ತಿ ಕೆಳಗೇ ಕೂರುತ್ತೆ, 'ರಾಷ್ಟ್ರ'ದಂಥ ಪದದಲ್ಲಿ ಎರಡೆರಡು. ಡಿಸೈನರು ಚೆಂದಕ್ಕೆ ಅಂತ ಬಟನ್ನಿನ ಎತ್ತರ ಇಷ್ಟೇ ಪಿಕ್ಸೆಲ್ ಅಂತ ಕಟ್ಟಿಬಿಟ್ರೆ ಕೆಳಗಿಂದು ಕತ್ತರಿಸಿ ಹೋಗುತ್ತೆ. ಇಂಗ್ಲಿಷಲ್ಲಿ ಬಾಲ ತುಂಡಾದ್ರೆ ಊಹಿಸಿ ಓದಬಹುದು. ಕನ್ನಡದಲ್ಲಿ ಕತ್ತೆ ಹೋಗಿ 'ಕತೆ' ಆಗುತ್ತೆ, ಹಳ್ಳಿ 'ಹಳಿ' ಆಗುತ್ತೆ. ಬಿಲ್ ಹಾಕೋ ಒಂದು ಪ್ರೋಗ್ರಾಮಲ್ಲಿ 'ಒಟ್ಟು ಮೊತ್ತ' ಅನ್ನೋದು 'ಒಟು ಮೊತ' ಆಗಿದ್ದನ್ನ ಕಣ್ಣಾರೆ ಕಂಡಿದ್ದೀನಿ. ನೇಟಿವ್ ಡಬ್ಬಿಗಳಲ್ಲೂ ಇದು ಆಗೋದುಂಟು, ಇಲ್ಲ ಅನ್ನಲ್ಲ. ಕಸ್ಟಮ್ಮಿನಲ್ಲಿ ಇದನ್ನ ತಿದ್ದೋರು ಆ ಒಬ್ಬ ಕಂಪನಿಯವರು ಮಾತ್ರ, ಅವರಿಗೆ ಕನ್ನಡದ ಗಿರಾಕಿ ಎಷ್ಟು ಜನ ಅಂತ ನಿಮಗೇ ಗೊತ್ತು.

ಈಗ ನುಡಿಯ ಮಾತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವುಗಳ ಹಳೇ ಫಾಂಟುಗಳಲ್ಲಿ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಆಗಲ್ಲ, ಯಾವುದೋ ಅಡ್ಡಾದಿಡ್ಡಿ ಇಂಗ್ಲಿಷ್ ಅಂದ್ಕೊಂಡು ಇಟ್ಟಿಗೆ ಜೋಡಿಸುತ್ತೆ, ಪರದೆ ಮೇಲೆ ಒಳ್ಳೆ ಕನ್ನಡ! ಹಾಗಾಗಿ ಎಂಥಾ ದಡ್ಡ ಟೂಲ್‌ಕಿಟ್ಟಲ್ಲೂ ಅದು ಓಡುತ್ತೆ. "ಅಚ್ಚುಮನೆಯವರು ಯಾಕಪ್ಪಾ ಇನ್ನೂ ಯೂನಿಕೋಡಿಗೆ ಬಂದಿಲ್ಲ, ಸೋಮಾರಿಗಳು" ಅಂತ ಬೈಯೋರನ್ನ ಬಹಳ ಕಂಡಿದ್ದೀನಿ. ಸೋಮಾರಿತನ ಅಲ್ಲ ಅದು. ಅಡೋಬಿಯ ಇನ್‌ಡಿಸೈನಿನಂಥ ದೊಡ್ಡ ಸಾಫ್ಟ್‌ವೇರಿನಲ್ಲೇ ಭಾರತೀಯ ಲಿಪಿಗಳು ಸರಿಯಾಗಿ ಕೂಡೋಕೆ 2012ರ ಸಿಎಸ್6 ಬರಬೇಕಾಯ್ತು, ಅದೂ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಆಯ್ಕೆ ಹಾಕಿಕೊಂಡರೆ. ಅಷ್ಟರಲ್ಲಿ ಹಳೇ ಫಾಂಟಲ್ಲಿ ರಾಶಿ ರಾಶಿ ಪುಸ್ತಕ ಅಚ್ಚಾಗಿತ್ತು. ಆ ಕಡತಗಳಲ್ಲಿ ಇವತ್ತು ನೀವು 'ಕುವೆಂಪು' ಅಂತ ಹುಡುಕಿದ್ರೆ ಸಿಗಲ್ಲ. ಯಾವುದೋ ದೇಶದ ಟೂಲ್‌ಕಿಟ್ ಬರೆದವನು ಶೇಪಿಂಗ್ ಬಿಟ್ಟಿದ್ದಕ್ಕೆ ನಮ್ಮ ಪುಸ್ತಕಗಳು ಹುಡುಕೋಕೆ ಸಿಗದ ಹಾಗಾದವು, ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇದಕ್ಕೇ.

ಹಾಗಂತ ನೇಟಿವ್ ಅನ್ನೋದು ದೇವರಲ್ಲ. ಜಾವಾದವರು ಮೊದಲು ಎಡಬ್ಲ್ಯೂಟಿ ಅಂತ ಮಾಡಿದ್ರು, ಎಲ್ಲಾ ಸಿಸ್ಟಮ್ಮಿನ ನೇಟಿವ್ ಬಟನ್ನುಗಳನ್ನೇ ಬಳಸೋದು. ಎಲ್ಲ ಕಡೆ ಇರೋದಷ್ಟೇ ಕೊಡೋಕೆ ಸಾಧ್ಯ ಅಂತಾಗಿ ಬಡಕಲಾಯ್ತು. 1998ರಲ್ಲಿ ಜಾವಾ 1.2 ಜೊತೆ ಸ್ವಿಂಗ್ ಬಂತು, ಎಲ್ಲ ತಾನೇ ಬಿಡಿಸೋದು. ಎಲ್ಲೆಡೆ ಒಂದೇ ಮುಖ, ಸರಿ. ಆದ್ರೆ ವಿಂಡೋಸಲ್ಲೂ ಪರಕೀಯ, ಮ್ಯಾಕಲ್ಲೂ ಪರಕೀಯ. (ವಲಸೆ ಬಂದ ನಮಗೆ ಈ ಪಾಡು ಹೊಸದಲ್ಲ ಬಿಡಿ.) ಲಿನಕ್ಸಿನಲ್ಲಂತೂ ನೇಟಿವ್ ಯಾವುದು ಅನ್ನೋದೇ ಜಗಳ, ಕ್ಯೂಟಿಯವರು ಒಂದು ಕಡೆ, ಜಿಟಿಕೆಯವರು ಒಂದು ಕಡೆ. ಮೈಕ್ರೋಸಾಫ್ಟಿನವರದ್ದೇ ವಿನ್32, ವಿನ್‌ಫಾರ್ಮ್ಸ್, ಡಬ್ಲ್ಯೂಪಿಎಫ್, ವಿನ್‌ಯುಐ ಅಂತ ನಾಲ್ಕು ತಲೆಮಾರು ಒಂದೇ ಮನೇಲಿದೆ.

ಮತ್ತೆ ಪೂರ್ತಿ ತಾನೇ ಬಿಡಿಸಿಯೂ ಕನ್ನಡವನ್ನ ಚೆನ್ನಾಗಿ ತೋರಿಸೋ ಟೂಲ್‌ಕಿಟ್‌ಗಳಿವೆ, ಸುಳ್ಳು ಹೇಳಬಾರದು. ಹಾರ್ಫ್‌ಬಜ಼್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಹೆಸರು ಪಾರ್ಸಿಯಿಂದ ಬಂದಿದ್ದು, 'ತೆರೆದ ಅಕ್ಷರ' ಅನ್ನೋ ಅರ್ಥ. ಶೇಪಿಂಗ್ ಮಾಡೋದಷ್ಟೇ ಅದರ ಕಸುಬು. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್, ಕ್ಯೂಟಿ, ಜಿಟಿಕೆ, ಗೂಗಲ್‌ನ ಫ್ಲಟರ್ ಎಲ್ಲದರ ಹೊಟ್ಟೆಯೊಳಗೂ ಅದೇ. ಜಾವಾ ಕೂಡ 2017ರ 9ನೇ ಆವೃತ್ತಿಯಲ್ಲಿ ಅದನ್ನೇ ತಗೊಂಡಿತು. ಕೆಲಸ ಮಾಡಿಟ್ಟಿದೆ, ದುಡ್ಡೂ ಕೇಳಲ್ಲ. ಇಷ್ಟಾದ ಮೇಲೂ ಸೇರಿಸಿಕೊಳ್ಳದವರಿಗೆ ಏನನ್ನೋಣ? ಗೇಮ್ ಮಾಡೋರ ಪ್ರೀತಿಯ ಡಿಯರ್ ಇಮ್‌ಗುಯಿ ಇದೆಯಲ್ಲ, ಅದಕ್ಕೆ ಶೇಪಿಂಗ್ ಬರಲ್ಲ, ಆದ್ರೆ ಬರಲ್ಲ ಅಂತ ಅದರವರೇ ಮೊದಲೇ ಹೇಳ್ತಾರೆ. ಅದು ಪ್ರಾಮಾಣಿಕತೆ. ಅಂಥದ್ದನ್ನ ತಂದು ಬ್ಯಾಂಕಿನ, ಆಸ್ಪತ್ರೆಯ ಪ್ರೋಗ್ರಾಮಿಗೆ ಹಾಕೋದು ಮಾತ್ರ ಅನ್ಯಾಯ.

ಅಕ್ಷರವನ್ನೂ ದಾಟಿದ ಇನ್ನೊಂದು ವಿಷಯ. ಕಣ್ಣು ಕಾಣದವರು ಎನ್‌ವಿಡಿಎ ಅಂತ 2006ರಲ್ಲಿ ಶುರುವಾದ ಉಚಿತ ಓದುಗ ತಂತ್ರಾಂಶ ಬಳಸ್ತಾರೆ, ಇ-ಸ್ಪೀಕ್ ಧ್ವನಿಯಲ್ಲಿ ಅದು ಕನ್ನಡವನ್ನೂ ಓದುತ್ತೆ. ನೇಟಿವ್ ಬಟನ್ನಾದ್ರೆ "ಉಳಿಸಿ, ಬಟನ್" ಅಂತ ಹೇಳುತ್ತೆ. ಬರೀ ಬಣ್ಣ ಬಳಿದು ಬಿಡಿಸಿದ ಬಟನ್ನಾದ್ರೆ, ಬಿಡಿಸಿದವನು ಬೇರೆಯಾಗಿ ತಿಳಿಸದೇ ಇದ್ರೆ, ಅದಕ್ಕೆ ಅಲ್ಲಿ ಏನೂ ಇಲ್ಲ, ಬರೀ ಚಿತ್ರ. ನನ್ನ ವಯಸ್ಸಿನವರು ಸಿಸ್ಟಮ್ಮಲ್ಲಿ ಅಕ್ಷರ ದಪ್ಪ ಮಾಡ್ಕೊಂಡಿರ್ತೀವಿ, ಇಂಥಾ ಎಷ್ಟೋ ಪ್ರೋಗ್ರಾಮುಗಳು ಅದನ್ನೂ ಕೇಳಲ್ಲ, ಇರುವೆ ಸಾಲಿನ ಹಾಗೆ ಬರೀತಾವೆ.

ಹಾಗಾಗಿ ನನ್ನ ಪಕ್ಷ ಸ್ಪಷ್ಟ. ಲೆಕ್ಕಪತ್ರ, ಅರ್ಜಿ, ಬಿಲ್ಲು, ಪತ್ರ ಇಂಥಾ ದಿನಬಳಕೆಯ ಕೆಲಸಕ್ಕೆ ಸಿಸ್ಟಮ್ ಕೊಟ್ಟ ಬಟನ್ನೇ ಸಾಕು, ಎಷ್ಟೇ ಸಪ್ಪೆಯಾಗಿರಲಿ. ತಮ್ಮದೇ ರೂಪ ಬೇಕು ಅನ್ನೋರು ಶೇಪಿಂಗು, ಎತ್ತರ, ಓದುಗ ತಂತ್ರಾಂಶ ಮೂರರ ಹೊಣೆಯನ್ನೂ ಹೊತ್ತುಕೊಂಡೇ ಬರಲಿ.

ಈಗೀಗ ಹೊಸ ಪ್ರೋಗ್ರಾಮ್ ಹಾಕಿದ ಕೂಡಲೇ ಮೊದಲು ಸಿಕ್ಕ ಡಬ್ಬಿಯಲ್ಲಿ ನಾಲ್ಕು ಪದ ಟೈಪಿಸ್ತೀನಿ: ವಿದರ್ಭ, ಲಕ್ಷ್ಮಿ, ರಾಷ್ಟ್ರ, ಕತ್ತೆ. ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ಏನು ಅಳಿಯುತ್ತೆ ನೋಡ್ತೀನಿ. ಬೆಂಗಳೂರು, ಪುಣೆ, ಅಮೆರಿಕಾದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಸ್ಟಿಂಗ್ ಮಾಡ್ತಿರೋ ಕನ್ನಡದ ಹುಡುಗ ಹುಡುಗಿಯರು ಈ ಪದಗಳನ್ನ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ, ಬಗ್ ಅಂತ ಬರೆದು ಮೇಲಿನವರಿಗೆ ಕಳಿಸಿ. ನಾಲ್ಕಕ್ಕಿಂತ ಒಳ್ಳೆ ಪದ ನಿಮ್ಮ ಹತ್ರ ಇದ್ರೆ ನನಗೂ ಹೇಳಿ.