ಬ್ಲೇಡ್ ಕಂಪನಿಗೆ ದುಡ್ಡು ಕಟ್ಟಿದವರ ಕಥೆ

‘ಬ್ಲೇಡ್ ಕಂಪನಿ’ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದುಪ್ಪಟ್ಟು ಕೊಡ್ತೀವಿ ಅಂತ ದುಡ್ಡು ಕಟ್ಟಿಸಿಕೊಂಡು, ಒಂದು ಬೆಳಿಗ್ಗೆ ಷಟರ್ ಎಳೆದು ನಾಪತ್ತೆಯಾಗುವ ಫೈನಾನ್ಸ್ ಕಂಪನಿ. ನಾನಿವತ್ತು ಬೈಯಲು ಹೊರಟಿರುವುದು ಬೇರೆ ಬ್ಲೇಡನ್ನು. ಬ್ಲೇಡ್ ಸರ್ವರ್ ಅಂತಾರಲ್ಲ, ಅದನ್ನು. ಇದನ್ನು ಮಾರುವವರು ಓಡಿ ಹೋಗುವುದಿಲ್ಲ. ಟೈ ಕಟ್ಟಿಕೊಂಡು ಬರುತ್ತಾರೆ, ರಸೀದಿ ಕೊಡುತ್ತಾರೆ, ಹೊಸ ವರ್ಷಕ್ಕೆ ಡೈರಿಯನ್ನೂ ಕೊಡುತ್ತಾರೆ. ಆದರೂ ಹತ್ತು ವರ್ಷ ಕಳೆದ ಮೇಲೆ ಕೂತು ಲೆಕ್ಕ ಹಾಕಿದರೆ, ಮೋಸ ಹೋದ ಭಾವನೆ ಮಾತ್ರ ಎರಡರಲ್ಲೂ ಒಂದೇ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೋಸ ಹೋದವರ ಪೈಕಿ ನಾನು ಬರೀ ಪ್ರೇಕ್ಷಕನಲ್ಲ. ಆ ಡಬ್ಬಿ ತನ್ನಿ ಅಂತ ಸಲಹೆ ಕೊಟ್ಟವನು ನಾನೇ. ಆ ಕಥೆ ಆಮೇಲೆ ಹೇಳ್ತೀನಿ.

ಸರ್ವರ್ ಅಂದರೇನು ಅಂತ ಗೊತ್ತಿಲ್ಲದವರಿಗೂ ಅರ್ಥವಾಗಲಿ ಅಂತ ಒಂದು ಹೋಲಿಕೆ. ನಾನಿರುವುದು ಜೀವನ್ ಬಿಮಾ ನಗರದಲ್ಲಿ (ಕನ್ನಡದಲ್ಲಿ ‘ಜೀವವಿಮೆ ನಗರ’ ಆಗಬೇಕಿತ್ತು, ಇರಲಿ ಬಿಡಿ :-) ). ನಮ್ಮಲ್ಲಿ ಎರಡು ಥರದ ಮನೆಗಳಿವೆ. ಒಂದು, ತನ್ನದೇ ಸಂಪು, ತನ್ನದೇ ಮೋಟಾರು, ತನ್ನದೇ ಮೀಟರು ಇರುವ ಒಂಟಿ ಮನೆ. ಇನ್ನೊಂದು ಅಪಾರ್ಟ್‌ಮೆಂಟು. ಅಲ್ಲಿ ಸಂಪು, ಮೋಟಾರು, ಮೆಟ್ಟಿಲು, ಜನರೇಟರು ಎಲ್ಲಾ ಸೇರಿ ಒಂದೇ. ಮಾಮೂಲಿ ರ್‍ಯಾಕ್ ಸರ್ವರ್ ಒಂಟಿ ಮನೆ ಇದ್ದ ಹಾಗೆ. ಬ್ಲೇಡ್ ಸರ್ವರ್ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಇದ್ದ ಹಾಗೆ. ಪ್ರತಿ ಬ್ಲೇಡಿನಲ್ಲೂ ಪ್ರೊಸೆಸರ್, ಮೆಮೊರಿ, ಒಂದೆರಡು ಡಿಸ್ಕ್ ಇರುತ್ತವೆ. ಪವರ್ ಸಪ್ಲೈ, ಫ್ಯಾನು, ನೆಟ್‌ವರ್ಕ್ ಸ್ವಿಚ್ಚು ಮಾತ್ರ ಎಲ್ಲರಿಗೂ ಸೇರಿದ ದೊಡ್ಡ ಡಬ್ಬಿಯಲ್ಲಿ. ಆ ಡಬ್ಬಿಗೆ ಚಾಸಿ ಅನ್ನುತ್ತಾರೆ.

ಕಲ್ಪನೆ ಚೆನ್ನಾಗಿಯೇ ಇದೆ. 2001ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಆರ್‌ಎಲ್‌ಎಕ್ಸ್ ಅನ್ನೋ ಪುಟ್ಟ ಕಂಪನಿ 3ಯು ಎತ್ತರದ ಡಬ್ಬಿಯಲ್ಲಿ 24 ಬ್ಲೇಡ್ ತುರುಕಿ ತೋರಿಸಿತು (ಒಂದು ಯು ಅಂದರೆ ಒಂದೂಮುಕ್ಕಾಲು ಇಂಚು). 2002ರಲ್ಲಿ ಐಬಿಎಂನ ಬ್ಲೇಡ್‌ಸೆಂಟರ್ ಬಂತು, 7ಯುನಲ್ಲಿ 14 ಬ್ಲೇಡ್. 2006ರಲ್ಲಿ ಎಚ್‌ಪಿಯ ಸಿ7000, 10ಯುನಲ್ಲಿ 16. 2008ರಲ್ಲಿ ಡೆಲ್‌ನ ಎಂ1000ಇ, ಅದೂ 10ಯುನಲ್ಲಿ 16. 2009ರಲ್ಲಿ, ಅಲ್ಲಿಯವರೆಗೆ ಸರ್ವರ್ರೇ ಮಾರದಿದ್ದ ಸಿಸ್ಕೊ ಯುಸಿಎಸ್ ಹಿಡಿದುಕೊಂಡು ಬಂತು, 6ಯುನಲ್ಲಿ 8.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಐದು ಕಂಪನಿ, ಐದು ಡಬ್ಬಿ, ಒಂದರ ಬ್ಲೇಡ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ರ್‍ಯಾಕಿನ ಅಗಲ 19 ಇಂಚು ಅಂತ ಜಗತ್ತೆಲ್ಲ ಒಪ್ಪಿಕೊಂಡಿದೆ. ಯಾವ ಕಂಪನಿಯ ಸರ್ವರ್ ತಂದರೂ ಅದರಲ್ಲಿ ಕೂರುತ್ತದೆ. ಆದರೆ ಚಾಸಿಯ ಒಳಗೆ ಮಾತ್ರ ಅವರವರದೇ ರಾಜ್ಯ. 2004ರಲ್ಲಿ ಐಬಿಎಂ ಮತ್ತು ಇಂಟೆಲ್, ಬ್ಲೇಡ್‌ಸೆಂಟರ್‌ಗೆ ಸ್ವಿಚ್ಚು, ಕಾರ್ಡು ಮಾಡುವವರಿಗೆ ವಿನ್ಯಾಸದ ವಿವರಗಳನ್ನು ತೆರೆದಿಟ್ಟವು. ಉಳಿದವರು ತಮ್ಮ ಪಾಡಿಗೆ ತಮ್ಮ ಡಬ್ಬಿ ಮಾರಿಕೊಂಡು ಹೋದರು. ಎಲ್ಲರದ್ದೂ ಒಂದೇ ಅಳತೆ ಅನ್ನುವ ದಿನ ಬರಲೇ ಇಲ್ಲ.

ಅಪಾರ್ಟ್‌ಮೆಂಟಿನ ಹೋಲಿಕೆಯಲ್ಲೇ ಹೇಳುವುದಾದರೆ, ಬಿಲ್ಡರ್ ನಿಮಗೆ ಫ್ಲ್ಯಾಟ್ ಮಾರುತ್ತಾನೆ. ಆಮೇಲೆ ‘ಈ ಬಾಗಿಲಲ್ಲಿ ನಮ್ಮ ಅಂಗಡಿಯ ಸೋಫಾ ಮಾತ್ರ ತೂರುತ್ತೆ, ಈ ನಲ್ಲಿಗೆ ನಮ್ಮ ವಾಷರ್ ಮಾತ್ರ ಹಿಡಿಸುತ್ತೆ’ ಅನ್ನುತ್ತಾನೆ. ಬ್ಲೇಡಿಗೆ ಹಾಕುವ ಮೆಜನೈನ್ ಕಾರ್ಡು ಮಾಮೂಲಿ ಪಿಸಿಐ ಕಾರ್ಡಲ್ಲ, ಅವರದೇ ಆಕಾರದ್ದು. ಹಿಂದೆ ಹಾಕುವ ಸ್ವಿಚ್ ಮಾಡ್ಯೂಲೂ ಅವರದೇ ಆಕಾರದ್ದು. ಕೆಲವು ಸೌಲಭ್ಯಗಳಿಗೆ ಲೈಸೆನ್ಸ್ ಬೇರೆ. ಮೊದಲ ದಿನ ಚಾಸಿಗೆ ಭರ್ಜರಿ ರಿಯಾಯಿತಿ ಕೊಡುತ್ತಾರೆ. ಯಾಕೆ ಕೊಡುವುದಿಲ್ಲ ಹೇಳಿ? ಖಾಲಿ ಇರುವ 12 ಸ್ಲಾಟು ಅಂದರೆ ಇನ್ನು 12 ಸಲ ನೀವು ಅವರ ಬಾಗಿಲಿಗೇ ಹೋಗುತ್ತೀರಿ ಅಂತ ಬರೆದುಕೊಟ್ಟ ಹಾಗೆ.

ಈಗ ಅವರ ಮುಖ್ಯ ವಾದಕ್ಕೆ ಬರೋಣ. ‘ಜಾಗ ಉಳಿಯುತ್ತೆ ಸಾರ್!’ ಅನ್ನುತ್ತಾರೆ. 42ಯು ರ್‍ಯಾಕಿನಲ್ಲಿ 10ಯುನ ನಾಲ್ಕು ಚಾಸಿ, ಒಟ್ಟು 64 ಬ್ಲೇಡ್. ಅದೇ 1ಯು ಸರ್ವರ್ ಆದರೆ 42 ಮಾತ್ರ. ಕಾಗದದ ಮೇಲೆ ಸರಿ. ಆದರೆ ಕರೆಂಟು? ಒಂದು ಬ್ಲೇಡ್ ಚೆನ್ನಾಗಿ ದುಡಿಯುವಾಗ 400 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 16ಕ್ಕೆ 6.4 ಕಿಲೋವ್ಯಾಟ್. ನಾಲ್ಕು ಚಾಸಿಗೆ ಇಪ್ಪತ್ತೈದಕ್ಕೂ ಮೇಲೆ. ನಮ್ಮ ಕಚೇರಿ, ಕಾಲೇಜು, ಆಸ್ಪತ್ರೆಗಳ ಸರ್ವರ್ ರೂಮಿನಲ್ಲಿ ಒಂದು ರ್‍ಯಾಕಿಗೆ ಅಷ್ಟು ಕರೆಂಟು ಎಳೆದಿರುವುದನ್ನು ನಾನಂತೂ ನೋಡಿಲ್ಲ. ನಾನು ಕೆಲಸ ಮಾಡಿದ ಕಡೆಯೆಲ್ಲ ನಾಲ್ಕರಿಂದ ಆರು ಕಿಲೋವ್ಯಾಟ್, ಅಷ್ಟೇ. ಅಂದರೆ ಒಂದೇ ಒಂದು ಚಾಸಿ ತುಂಬುವ ಮೊದಲೇ ರ್‍ಯಾಕಿನ ಕರೆಂಟು ಮುಗಿಯಿತು. ಮಿಕ್ಕ 32ಯು ಖಾಲಿ ಗಾಳಿ! ಉಳಿಸಿದ ಜಾಗವನ್ನು ಏನು ಮಾಡುವುದು, ಮಲ್ಲಿಗೆ ಗಿಡ ಇಡೋಣವೇ?

ತಿಂದ ಕರೆಂಟೆಲ್ಲ ಶಾಖವಾಗಿ ಹೊರಗೆ ಬರಲೇಬೇಕು. ಒಂದು ಟನ್ ಎ.ಸಿ. ಅಂದರೆ ಹತ್ತಿರ ಹತ್ತಿರ 3.5 ಕಿಲೋವ್ಯಾಟ್ ಶಾಖ ಎತ್ತಿ ಹಾಕುವ ಶಕ್ತಿ. ಅಂದರೆ ತುಂಬಿದ ಒಂದು ಚಾಸಿಗೆ ಸುಮಾರು ಎರಡು ಟನ್. ಮಲಗುವ ಕೋಣೆಗೆ ಹಾಕುವ ಒಂದೂವರೆ ಟನ್ನಿನ ಯಂತ್ರ ಒಂದೇ ಡಬ್ಬಿಯ ಮುಂದೆ ಸೋಲುತ್ತದೆ! ದೊಡ್ಡ ಡೇಟಾ ಸೆಂಟರುಗಳಲ್ಲಿ ಈ ಶಾಖ ಕಳೆಯಲು ಎಷ್ಟೋ ಕಡೆ ನೀರು ಆವಿ ಮಾಡುತ್ತಾರೆ. 2024ರ ಮಾರ್ಚಿನಲ್ಲಿ ವೈಟ್‌ಫೀಲ್ಡ್, ಕೆ.ಆರ್. ಪುರ ಕಡೆಯವರು ಟ್ಯಾಂಕರ್ ಹಿಂದೆ ಓಡಿದ್ದನ್ನು ನಾವು ಮರೆತಿಲ್ಲ ತಾನೆ?

ಇನ್ನು ನನ್ನ ತಪ್ಪಿನ ಕಥೆ.

ನಗರದ ಪೂರ್ವಕ್ಕೆ ಒಂದು ಪುಟ್ಟ ಸಹಕಾರಿ ಸಂಸ್ಥೆ. ಹೆಸರು ಬೇಡ. 2011ರಲ್ಲಿ ಅವರು ನನ್ನನ್ನು ಕೇಳಿದರು. ನಾನು ಆಗ ತರಬೇತಿ ಮುಗಿಸಿಕೊಂಡು ಬಂದ ಉತ್ಸಾಹದಲ್ಲಿದ್ದೆ. 16 ಸ್ಲಾಟಿನ ಚಾಸಿ, ನಾಲ್ಕು ಬ್ಲೇಡ್ ಬರೆದುಕೊಟ್ಟೆ. ‘ನಾಳೆ ಬೆಳೀತೀರಿ, ಆಗ ಬ್ಲೇಡ್ ಸೇರಿಸಿದರಾಯ್ತು’ ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಆ ನಾಳೆ ಬರಲಿಲ್ಲ. 2018ರಲ್ಲಿ ಒಂದು ಬ್ಲೇಡ್ ಸೇರಿಸೋಣ ಅಂದರೆ, ಹೊಸ ಪೀಳಿಗೆಯ ಬ್ಲೇಡಿಗೆ ಹಿಂದಿನ ಮಾಡ್ಯೂಲು, ಫರ್ಮ್‌ವೇರು ಎಲ್ಲಾ ಬದಲಿಸಬೇಕು ಅಂದರು. ಆ ಖರ್ಚಿಗೆ ಎರಡು ರ್‍ಯಾಕ್ ಸರ್ವರ್ ಬರುತ್ತಿದ್ದವು. ಸುಮ್ಮನಾದೆವು.

2021ರ ಒಂದು ಶನಿವಾರ ರಾತ್ರಿ ಸ್ವಿಚ್ ಮಾಡ್ಯೂಲಿನ ಫರ್ಮ್‌ವೇರ್ ಬದಲಿಸಲು ಕೂತೆವು. ಎರಡು ಮಾಡ್ಯೂಲ್ ಇದ್ದವು, ಒಂದು ಹೋದರೆ ಇನ್ನೊಂದು ಇರಲಿ ಅಂತ. ಎರಡೂ ಒಟ್ಟಿಗೆ ಮಲಗಿದವು. ನಾಲ್ಕೂ ಬ್ಲೇಡ್ ಜೀವಂತವಾಗಿವೆ, ದೀಪ ಉರಿಯುತ್ತಿದೆ, ಆದರೆ ಒಂದನ್ನೂ ಹೊರಗಿನಿಂದ ಮುಟ್ಟಲಾಗುತ್ತಿಲ್ಲ. ಮೆಟ್ಟಿಲು ಕುಸಿದ ಅಪಾರ್ಟ್‌ಮೆಂಟಿನ ಹಾಗೆ. ಹಳೇ ಮಾದರಿ ಅಂತ ಸಪೋರ್ಟ್ ಒಪ್ಪಂದವೂ ಮುಗಿದಿತ್ತು. ಭಾನುವಾರ ಇಡೀ ಫೋನ್ ಮಾಡುವುದರಲ್ಲೇ ಕಳೆಯಿತು. ಸೋಮವಾರ ಮಧ್ಯಾಹ್ನ ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಮಾಡ್ಯೂಲು ಸಿಕ್ಕಿತು. ಯಾವುದೋ ಕಂಪನಿ ಗುಜರಿಗೆ ಹಾಕಿದ್ದು. ಅದರಿಂದ ಜೀವ ಬಂತು.

ಅಷ್ಟರಲ್ಲಿ ಬೆಳಿಗ್ಗೆ ಕೌಂಟರ್ ಮುಂದೆ ಪಾಸ್‌ಬುಕ್ ಹಿಡಿದ ಸಾಲು. ಪಿಂಚಣಿಯ ಅಜ್ಜಿಯೊಬ್ಬರು ನನ್ನ ಕೊರಳಿನ ಗುರುತಿನ ಪಟ್ಟಿ ನೋಡಿ ಕೇಳಿದರು. ‘ಏನಪ್ಪಾ, ಕಂಪ್ಯೂಟ್ರು ಕೆಟ್ರೆ ನನ್ ದುಡ್ಡೂ ಕೆಟ್ಟೋಯ್ತಾ?’ ಇಲ್ಲ ಅಜ್ಜಿ, ದುಡ್ಡಿದೆ, ಹೊರಗೆ ತೆಗೆಯಕ್ಕೆ ಆಗ್ತಿಲ್ಲ ಅಂದೆ. ಅವರು ನಕ್ಕುಬಿಟ್ಟರು. ‘ಬ್ಲೇಡ್ ಕಂಪ್ನಿಯವ್ರೂ ಹಂಗೇ ಅಂತಿದ್ರು.’ ನಮ್ಮ ಡಬ್ಬಿಯ ಹೆಸರೇ ಬ್ಲೇಡ್ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

‘ಅದು ನಿಮ್ಮ ತಪ್ಪು, ಬ್ಲೇಡಿನದಲ್ಲ’ ಅಂತ ನನ್ನ ಸ್ನೇಹಿತರೇ ವಾದಿಸಿದ್ದಾರೆ. ಅರ್ಧ ಒಪ್ಪುತ್ತೇನೆ. ಎರಡೂ ಮಾಡ್ಯೂಲನ್ನು ಒಂದೇ ರಾತ್ರಿ ಮುಟ್ಟಿದ್ದು ನಮ್ಮ ಪೆದ್ದುತನ. ಆದರೆ ನಾಲ್ಕು ಒಂಟಿ ಮನೆಗಳಿದ್ದಿದ್ದರೆ, ಮಾಮೂಲಿ ಸ್ವಿಚ್ಚು ಕೆಟ್ಟ ಸೋಮವಾರ ಬೆಳಿಗ್ಗೆ ಯಾವ ಅಂಗಡಿಯಿಂದಲಾದರೂ ಇನ್ನೊಂದು ತಂದು ಕೇಬಲ್ ಚುಚ್ಚುತ್ತಿದ್ದೆವು. ತಪ್ಪು ಎಲ್ಲರೂ ಮಾಡುತ್ತಾರೆ. ಅದನ್ನು ತಿದ್ದಿಕೊಳ್ಳಲು ಒಂದೇ ಅಂಗಡಿಯ ಬಾಗಿಲು ಕಾಯಬೇಕಾಗಿ ಬರುವುದು ಮಾತ್ರ ಡಬ್ಬಿಯ ಗುಣ.

ಬ್ಲೇಡಿನಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ. 16 ಸರ್ವರಿಗೆ ಎರಡೆರಡರಂತೆ 32 ಪವರ್ ಕೇಬಲ್ ಬೇಕು, ಸಿ7000ಗೆ ಆರು ಪವರ್ ಸಪ್ಲೈ ಸಾಕು. ನೆಟ್‌ವರ್ಕ್ ಕೇಬಲಿನ ಕಾಡೂ ಕಡಿಮೆ. ಡಬ್ಬಿ ಪೂರ್ತಿ ತುಂಬುವವರಿಗೆ, ಅದಕ್ಕೆ ತಕ್ಕ ಕರೆಂಟು, ತಂಪು, ಜನ ಇರುವವರಿಗೆ ಇದು ಸರಿಯಾದ ಯಂತ್ರವೇ. ಯಶವಂತಪುರದ ಹತ್ತಿರ ನಮ್ಮ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ನೋಡಿ. 3.3 ಪೆಟಾಫ್ಲಾಪ್ಸ್, ಅಟೋಸ್‌ನ ಬುಲ್‌ಸೀಕ್ವಾನಾ ಯಂತ್ರ, ಬ್ಲೇಡುಗಳ ಮೈಗೇ ದ್ರವ ಹರಿಸಿ ತಂಪು ಮಾಡುತ್ತಾರೆ. ಅವರಿಗೆ ದಟ್ಟಣೆ ಬೇಕೇ ಬೇಕು. ನನ್ನ ಜಗಳ ಅವರ ಜೊತೆಯಲ್ಲ. ಆನೆ ಸಾಕುವವರನ್ನು ನೋಡಿ ಮನೆಗೊಂದು ಆನೆ ತಂದು ಕಟ್ಟುವವರ ಜೊತೆ, ತರಿಸುವವರ ಜೊತೆ.

ಅದಕ್ಕಿಂತ ದೊಡ್ಡ ಜಗಳ ಟೆಂಡರಿನದು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಇರಲಿ ಅಂತ 1999ರಲ್ಲೇ ಕಾಯಿದೆ ಮಾಡಿದ್ದೇವೆ. ಆದರೆ ‘10ಯು ಎತ್ತರ, 16 ಅರ್ಧ ಎತ್ತರದ ಸ್ಲಾಟ್, 10 ಫ್ಯಾನ್, 6 ಪವರ್ ಸಪ್ಲೈ’ ಅಂತ ಬರೆದ ಟೆಂಡರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂಪನಿಯ ಹೆಸರು ಎಲ್ಲೂ ಇಲ್ಲ. ಆದರೆ ಈ ಜಾತಕ ಹೊಂದುವ ವರ ಊರಿಗೆಲ್ಲ ಒಬ್ಬನೇ! ಕಚೇರಿಗೆ ಬೇಕಾಗಿರುವುದು ಕೆಲಸ: ಇಷ್ಟು ಕೋರ್, ಇಷ್ಟು ಮೆಮೊರಿ, ಇಷ್ಟು ವ್ಯಾಟ್ ಒಳಗೆ. ಫ್ಯಾನ್ ಎಷ್ಟಿದ್ದರೆ ಅವರಿಗೇನು?

ಆಧಾರ್ ಬಗ್ಗೆ ನನಗೆ ಬೇರೆ ಸಾವಿರ ತಕರಾರಿವೆ. ಆದರೆ ಅದರ ತಾಂತ್ರಿಕ ವಿನ್ಯಾಸದಲ್ಲಿ, ಯಾವ ಒಂದು ಕಂಪನಿಗೂ ಕಟ್ಟು ಬೀಳಬಾರದು ಅನ್ನುವುದನ್ನು ಮೂಲ ತತ್ವವಾಗಿಯೇ ಬರೆದಿಟ್ಟರು. ಅಷ್ಟು ದೊಡ್ಡ ವ್ಯವಸ್ಥೆಗೆ ಸಾಧ್ಯವಾಗಿದ್ದು ಒಂದು ನಿಗಮಕ್ಕೆ, ಒಂದು ವಿಶ್ವವಿದ್ಯಾಲಯಕ್ಕೆ ಯಾಕೆ ಅಸಾಧ್ಯ? ಇಲ್ಲೇ ಹಳೇ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಕೇಂದ್ರವಿದೆ. ಅದೇ ಸಿ-ಡ್ಯಾಕ್ ವಿನ್ಯಾಸ ಮಾಡಿದ ‘ರುದ್ರ’ ಸರ್ವರ್ ಮೇಲೆ ಕಟ್ಟಿದ ಮೂರು ಪರಮ್ ರುದ್ರ ಗಣಕಗಳು 2024ರ ಸೆಪ್ಟೆಂಬರಿನಲ್ಲಿ ಪುಣೆ, ದೆಹಲಿ, ಕೋಲ್ಕತ್ತಾಗಳಲ್ಲಿ ಶುರುವಾದವು. ಒಳಗಿನ ಪ್ರೊಸೆಸರ್ ಇಂಟೆಲ್‌ದೇ, ನಿಜ. ಆದರೂ ಬೋರ್ಡಿನ ನಕ್ಷೆ ನಮ್ಮವರ ಕೈಯಲ್ಲಿದೆ ಅನ್ನುವುದು ಸಣ್ಣ ಮಾತಲ್ಲ.

ಕೊನೆಗೆ ಒಂದು ಲೆಕ್ಕ. 2011ರಲ್ಲಿ ನಾನು ಬರೆದುಕೊಟ್ಟ ಚಾಸಿಯನ್ನು ಪೂರ್ತಿ ತುಂಬಿಸಿದ್ದರೂ, 16 ಬ್ಲೇಡ್, ಪ್ರತಿಯೊಂದರಲ್ಲಿ ಆರು ಕೋರಿನ ಎರಡು ಪ್ರೊಸೆಸರ್, ಒಟ್ಟು 192 ಕೋರ್. 2024ರ ಅಕ್ಟೋಬರಿನಲ್ಲಿ ಎಎಂಡಿ ಬಿಟ್ಟ ಎಪಿಕ್ 9965 ಅನ್ನೋ ಒಂದೇ ಚಿಪ್ಪಿನಲ್ಲಿ 192 ಕೋರ್ ಇವೆ. ಅದು ತಿನ್ನುವುದು 500 ವ್ಯಾಟ್. ಇಡೀ ಅಪಾರ್ಟ್‌ಮೆಂಟು ಒಂದು ಕೋಣೆಗೆ ಇಳಿದಿದೆ! ‘ನಾಳೆ ಬೆಳೀತೀರಿ’ ಅಂತ ಖಾಲಿ ಸ್ಲಾಟ್ ಕೊಂಡವನ ನಾಳೆ ಬರುವಷ್ಟರಲ್ಲಿ ಆ ಸ್ಲಾಟಿನ ಅಗತ್ಯವೇ ಇರುವುದಿಲ್ಲ. ಸಿ7000, ಎಂ1000ಇ, ಬ್ಲೇಡ್‌ಸೆಂಟರ್ ಯಾವುದೂ ಈಗ ಹೊಸದಾಗಿ ಸಿಗುವುದಿಲ್ಲ. ಐಬಿಎಂ ತನ್ನ ಎಕ್ಸ್86 ಸರ್ವರ್ ವ್ಯಾಪಾರವನ್ನೇ 2014ರಲ್ಲಿ ಲೆನೊವೊಗೆ ಮಾರಿ ಕೈ ತೊಳೆದುಕೊಂಡಿತು. ಕೊಂಡವರ ಬಳಿ ಡಬ್ಬಿ ಉಳಿಯಿತು.

ಈಗ ಎಐ ಹೆಸರಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ ಶುರುವಾಗಿದೆ. ಎನ್ವಿಡಿಯಾದ 72 ಜಿಪಿಯು ಇರುವ ಯಂತ್ರದಲ್ಲಿ ಇಡೀ ರ್‍ಯಾಕೇ ಒಂದು ಚಾಸಿ, ತಿನ್ನುವುದು ನೂರಕ್ಕೂ ಹೆಚ್ಚು ಕಿಲೋವ್ಯಾಟ್. ಹಾಗಾಗಿ ಕೊಳ್ಳುವ ಜಾಗದಲ್ಲಿ ಕೂತವರಿಗೆ ನನ್ನ ಬೇಡಿಕೆ ಇಷ್ಟೇ:

1. ಎಷ್ಟು ಯು ಉಳಿಯುತ್ತದೆ ಅಂತ ಕೇಳುವ ಮೊದಲು ನಿಮ್ಮ ರ್‍ಯಾಕಿಗೆ ಎಷ್ಟು ಕಿಲೋವ್ಯಾಟ್ ಬರುತ್ತದೆ ಅಂತ ಅಳೆಯಿರಿ.

2. ಏಳು ವರ್ಷದ ಲೆಕ್ಕ ಹಾಕಿ. ಚಾಸಿ, ಮಾಡ್ಯೂಲ್, ಲೈಸೆನ್ಸ್, ಕರೆಂಟು, ಎ.ಸಿ. ಎಲ್ಲಾ ಸೇರಿಸಿ.

3. ಮುಕ್ಕಾಲು ಸ್ಲಾಟ್ ಮೊದಲ ದಿನವೇ ತುಂಬದಿದ್ದರೆ ಬ್ಲೇಡ್ ಬೇಡ. ತುಂಬಿದರೂ ಒಂದೇ ಚಾಸಿ ಬೇಡ, ಎರಡು ಇರಲಿ.

4. ಬಿಡಿಭಾಗ ಎಷ್ಟು ವರ್ಷ ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಪಡೆಯಿರಿ.

5. ಟೆಂಡರಿನಲ್ಲಿ ಕೆಲಸ ಬರೆಯಿರಿ, ಆಕಾರ ಬರೆಯಬೇಡಿ. ನಿರ್ವಹಣೆಗೆ ರೆಡ್‌ಫಿಶ್‌ನಂಥ (2015ರಿಂದ ಇದೆ) ಮುಕ್ತ ಮಾನಕ ಕೇಳಿ.

ನಾವು ಇಲ್ಲಿ ಕಥೆ, ಕವನ, ಪ್ರವಾಸ ಎಲ್ಲಾ ಬರೆಯುತ್ತೇವೆ. ನಮ್ಮ ತೆರಿಗೆಯಲ್ಲಿ ಬರುವ ಈ ಡಬ್ಬಿಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಬೈಗುಳವೂ ಇಂಗ್ಲಿಷಿನಲ್ಲೇ ಇದ್ದರೆ ಆ ಅಜ್ಜಿಗೆ ಅರ್ಥವಾಗುವುದು ಹೇಗೆ? ನಿಮ್ಮ ಕಚೇರಿಯಲ್ಲೂ ಅರ್ಧ ಖಾಲಿ ಚಾಸಿ ಒಂದು ಗುಂಯ್‌ಗುಡುತ್ತಾ ಕೂತಿರಬಹುದು. ಹೋಗಿ ಸ್ಲಾಟ್ ಎಣಿಸಿ ಬಂದು ಹೇಳಿ.

ನೀವೇನಂತೀರಿ?