ಹತ್ತು ಕಿಲೋ ಬಲದ ಕೆಲಸಕ್ಕೆ ಅರ್ಧ ಅಶ್ವಶಕ್ತಿ ಏಕೆ?



ತೋಟದ ಶೆಡ್ಡಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸುವವರ ತೊಂದರೆ ನಿಮಗೆ ಗೊತ್ತೇ ಇದೆ. ಒಂದು ಮಗ್ಗುಲಿಗೆ ಗೊಬ್ಬರದ ಚೀಲಗಳು, ಇನ್ನೊಂದು ಮಗ್ಗುಲಿಗೆ ಸಿಂಪರಣಾ ಯಂತ್ರ, ಹಿಂದೆ ಗೋಡೆ. ನೇರವಾಗಿ ಒಳಗೆ ಹೋದ ಗಾಡಿಯನ್ನು ಬೆಳಿಗ್ಗೆ ಹಿಂದು ಹಿಂದಕ್ಕೆ ಎಳೆದು ತರಬೇಕು. ಸೊಂಟ ನೋವಿದ್ದವರಿಗೆ ಇದು ದಿನನಿತ್ಯದ ಶಿಕ್ಷೆ.

ಇದಕ್ಕೆ ತಿರುಗುಮಣೆ ಒಳ್ಳೆಯ ಉಪಾಯ. ನಡುವೆ ಒಂದು ಗೂಟ, ಅದರ ಮೇಲೆ ದುಂಡನೆಯ ಕಬ್ಬಿಣದ ಹಲಗೆ, ಅಂಚಿನ ಕೆಳಗೆ ಆರೋ ಎಂಟೋ ಸಣ್ಣ ಗಾಲಿಗಳು. ಗಾಡಿಯನ್ನು ಮೇಲೆ ನಿಲ್ಲಿಸಿ ಅರ್ಧ ಸುತ್ತು ತಿರುಗಿಸಿದರೆ ಮುಖ ಬಾಗಿಲ ಕಡೆಗೆ ಬರುತ್ತದೆ. ಬೀಸುವ ಕಲ್ಲಿನ ಗೂಟವನ್ನೂ ಕುಂಬಾರರ ತಿಗರಿಯನ್ನೂ ಕಂಡವರಿಗೆ ಇದರ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಬಹುದು.

ಆದರೆ ಹಲಗೆ ಸಿದ್ಧವಾದ ಕೂಡಲೇ ಮೂಲೆಯಲ್ಲಿ ಬಿದ್ದಿರುವ ಹಳೆಯ ಅರ್ಧ ಅಶ್ವಶಕ್ತಿಯ ಮೋಟಾರಿನ ಮೇಲೆ ಕಣ್ಣು ಹೋಗುತ್ತದೆ. ಅದನ್ನು ಜೋಡಿಸುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣವನ್ನು ಲೆಕ್ಕದಲ್ಲಿಯೇ ನೋಡಿರಿ.

ಗಾಡಿ 120 ಕಿಲೋ, ಹಲಗೆ 80 ಕಿಲೋ, ಒಟ್ಟು 200 ಕಿಲೋ ಎಂದಿಟ್ಟುಕೊಳ್ಳೋಣ. ಗಾಲಿಗಳು ನುಣುಪಾಗಿ ಉರುಳಿದರೆ ಅಂಚಿನಲ್ಲಿ ತಳ್ಳಲು ಐದಾರು ಕಿಲೋ ಬಲ ಸಾಕು. ನೆಲ ಒರಟಾಗಿದೆ ಎಂದು ಹತ್ತು ಕಿಲೋ ಹಿಡಿಯೋಣ. ಒಂದೂವರೆ ಮೀಟರ್ ಅಗಲದ ಹಲಗೆ ನಿಮಿಷಕ್ಕೆ ಎರಡು ಸುತ್ತು ತಿರುಗಬೇಕಾದರೆ ಬೇಕಾಗುವ ಶಕ್ತಿ ಸುಮಾರು 15 ವಾಟ್ ಮಾತ್ರ. ಅರ್ಧ ಅಶ್ವಶಕ್ತಿ ಎಂದರೆ 373 ವಾಟ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ.

ಹೆಚ್ಚಾದರೆ ನಷ್ಟವೇನು ಎಂದು ಕೇಳಬಹುದು. ಇಂತಹ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದನ್ನು ಎರಡು ಸುತ್ತಿಗೆ ಇಳಿಸಿದಾಗ ವೇಗ ತಗ್ಗಿ ಬಲ ಏರುತ್ತದೆ. ಘರ್ಷಣೆಯ ನಷ್ಟ ಕಳೆದರೂ ಅಂಚಿನಲ್ಲಿ ನೂರು ಕಿಲೋಗಿಂತ ಹೆಚ್ಚಿನ ಬಲ ಬರಬಹುದು. ಹಲಗೆಗೂ ಗೋಡೆಗೂ ನಡುವೆ ಮಗುವಿನ ಕಾಲು ಸಿಕ್ಕಿದರೆ ಆ ಮೋಟಾರು ತಾನಾಗಿ ನಿಲ್ಲುವುದಿಲ್ಲ.

ಎರಡನೆಯ ಅಪಾಯ ವಿದ್ಯುತ್ತಿನದು. ಮಳೆಗಾಲದಲ್ಲಿ ಶೆಡ್ಡಿನ ನೆಲ ತೇವವಾಗಿರುತ್ತದೆ, ಹಲಗೆ ಪೂರ್ತಿ ಕಬ್ಬಿಣ. ವೈರಿನ ಮೇಲ್ಕವಚ ಸವೆದರೆ 230 ವೋಲ್ಟ್ ಹಲಗೆಗೇ ಬರುತ್ತದೆ. ಫ್ಯೂಸ್ ಇದೆಯಲ್ಲಾ ಎಂದು ನೆಮ್ಮದಿಯಿಂದಿರಬೇಡಿ. 5 ಆಂಪಿಯರ್ ಫ್ಯೂಸ್ ಕರಗುವುದು 5 ಆಂಪಿಯರ್ ಮೀರಿದಾಗ. ಮನುಷ್ಯನ ಪ್ರಾಣ ತೆಗೆಯಲು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೂ ಬೇಕಾಗಿಲ್ಲ. ಇನ್ನು ನೀರಾವರಿ ಪಂಪಿನ ಸ್ಟಾರ್ಟರಿನಿಂದ ವೈರು ಎಳೆಯುವುದಂತೂ ಕೂಡದು. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಕೈಯನ್ನೇ ನಂಬಿರಿ. ಉಗಿಬಂಡಿಗಳ ಕಾಲದಲ್ಲಿ ರೈಲ್ವೆ ಶೆಡ್ಡುಗಳಲ್ಲಿ ಟನ್ನುಗಟ್ಟಲೆ ತೂಕದ ಇಂಜಿನ್ನನ್ನು ತಿರುಗುವ ಸೇತುವೆಯ ನಡುವೆ ಸಮತೂಕದಲ್ಲಿ ನಿಲ್ಲಿಸಿ, ಕೆಲವೇ ಆಳುಗಳು ತಳ್ಳಿ ತಿರುಗಿಸುತ್ತಿದ್ದರು. ನಿಮ್ಮ ಹಲಗೆ ಕೈಗೆ ಭಾರವೆನಿಸಿದರೆ ದೋಷ ಬಲದ ಕೊರತೆಯದಲ್ಲ. ಗಾಲಿ ಓಡುವ ನೆಲ ಮಟ್ಟವಾಗಿಲ್ಲ, ಇಲ್ಲವೇ ಗಾಡಿಯ ತೂಕ ನಡುಗೂಟದ ಮೇಲೆ ಬಂದಿಲ್ಲ. ಮೋಟಾರು ಹಾಕಿದರೆ ಆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ರಸಮಟ್ಟ ಹಿಡಿದು ನೆಲ ಸರಿಪಡಿಸಿರಿ. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ.

ಆದರೂ ವಯಸ್ಸಾದವರು, ಕೈಕಾಲಿನಲ್ಲಿ ಶಕ್ತಿ ಇಲ್ಲದವರು ಮನೆಯಲ್ಲಿದ್ದರೆ ಯಂತ್ರದ ನೆರವು ನ್ಯಾಯವಾದದ್ದೇ. ಅಂತಹವರು 12 ವೋಲ್ಟ್ ಬ್ಯಾಟರಿಯಿಂದ ಓಡುವ ಕಾರಿನ ವೈಪರ್ ಮೋಟಾರನ್ನು ಬಳಸುವುದು ಲೇಸು. ವೇಗ ತಗ್ಗಿಸುವ ಗೇರು ಅದರೊಳಗೇ ಇರುತ್ತದೆ. ನಿಧಾನದ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 45 ಸುತ್ತು ತಿರುಗುತ್ತದೆ. ಅದಕ್ಕೆ ಏಳೂವರೆ ಸೆಂಟಿಮೀಟರ್ ಅಗಲದ ರಬ್ಬರ್ ಗಾಲಿ ಕೂರಿಸಿ ಹಲಗೆಯ ಅಂಚಿಗೆ ಸ್ಪ್ರಿಂಗಿನಿಂದ ಒತ್ತಿಸಿದರೆ, ವೇಗ ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧ ಸುತ್ತಿಗೆ ಹದಿಮೂರು, ಹದಿನಾಲ್ಕು ಸೆಕೆಂಡು ಸಾಕು. ಯಾವುದಾದರೂ ಅಡ್ಡ ಬಂದರೆ ರಬ್ಬರ್ ಗಾಲಿ ಜಾರುವಂತೆ ಒತ್ತಡವನ್ನು ಹಗುರವಾಗಿ ಇಡಿರಿ. ಈ ಜಾರುವಿಕೆಯೇ ನಿಮ್ಮ ರಕ್ಷಣೆ.

ಬ್ಯಾಟರಿಯ ಧನ ತುದಿಯ ಸಮೀಪದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ, ಕೈ ಬಿಟ್ಟರೆ ನಿಲ್ಲುವ ಗುಂಡಿಯನ್ನೇ ಹಾಕಿಸಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ, ಗುಂಡಿಗಳಲ್ಲಿ ನಿಲ್ಲುತ್ತದೆ. ವೈಪರ್ ಮೋಟಾರಿನೊಳಗೆ ಕಿಡಿ ಏಳುತ್ತದೆ. ಆದ್ದರಿಂದ ಹಲಗೆಗಾಗಿ ನೆಲ ಅಗೆದು ಗುಂಡಿ ಮಾಡಬೇಡಿ. ಮೋಟಾರನ್ನು ಸಾಧ್ಯವಾದಷ್ಟು ಎತ್ತರದಲ್ಲಿ ಕೂರಿಸಿರಿ. ಪೆಟ್ರೋಲ್ ವಾಸನೆ ಬಂದ ದಿನ ಬಾಗಿಲು ತೆರೆದಿಟ್ಟು ಕೈಯಿಂದಲೇ ತಿರುಗಿಸಿರಿ.

ಶೆಡ್ಡಿನಲ್ಲಿ 230 ವೋಲ್ಟಿನ ದೀಪವೋ ಚಾರ್ಜರೋ ಇದ್ದರೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಸೋರುವ ವಿದ್ಯುತ್ತನ್ನು ಗುರುತಿಸಿ ಕ್ಷಣಾರ್ಧದಲ್ಲಿ ಕಡಿದುಹಾಕುವ ಸಾಧನ ಅದು. ಫ್ಯೂಸಿಗೆ ಆ ಕೆಲಸ ಬಾರದು.

ಸ್ವಂತ ಕೈಯಿಂದ ಯಂತ್ರ ಮಾಡಿಕೊಳ್ಳುವ ರೈತನ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಮನೆಯಲ್ಲಿದೆ ಎಂಬ ಕಾರಣಕ್ಕೆ ಮೋಟಾರನ್ನು ಜೋಡಿಸುವ ಮೊದಲು, ಕೆಲಸಕ್ಕೆ ಎಷ್ಟು ಬಲ ಬೇಕೆಂದು ಒಮ್ಮೆ ಅಳೆದು ನೋಡುವುದೂ ಆ ಜಾಣ್ಮೆಯ ಭಾಗವೇ. ಸಂತೆಯ ಒಂದು ತೂಗುಕೊಕ್ಕೆಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಉತ್ತರ ಸಿಗುತ್ತದೆ. ಅಷ್ಟು ಮಾಡಿ, ನಂತರ ನಿರ್ಧರಿಸಿರಿ.