ನಿಮ್ಮ ಊರಿನ ಕೆರೆಯ ಕಥೆ ಹೇಳಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಅಂಗಳಕ್ಕೆ ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ, ಹುಣಸೆ ಫಸಲು ಕೈತಪ್ಪುತ್ತದೆ. ಆದರೂ ಊರವರು ಅವನ್ನು ಓಡಿಸಲಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಓಡಿಸುತ್ತಾರೆಯೇ? ತಾಯಂದಿರು ಮಕ್ಕಳಿಗೆ ಹೇಳುತ್ತ ಬಂದದ್ದು ಇಷ್ಟೇ ಮಾತು. ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಕಥೆ ಕಾವಲು ನಿಂತಿತ್ತು.

ಈಗ ಆ ಕಥೆಯೊಂದೇ ಸಾಲದು. ಮರಿಗಳ ಹೊಟ್ಟೆ ತುಂಬುವುದು ಶಿಂಷಾ ನದಿಯ, ಸುತ್ತಲಿನ ಕೆರೆಗಳ ಮೀನಿನಿಂದ. ಮಳೆ ಕೈಕೊಟ್ಟು ಕೆರೆ ಬತ್ತಿದರೆ, ಇದ್ದ ನೀರಿಗೆ ಕೊಳಚೆ ಸೇರಿದರೆ, ತವರಿನವರ ಪ್ರೀತಿ ಎಷ್ಟಿದ್ದರೂ ಮರಿ ಬದುಕದು. ಮಳೆಯ ಏರುಪೇರಿಗೆ ಭೂಮಿಯ ತಾಪವೂ ಒಂದು ಕಾರಣ; ಅದು 1.5 ಡಿಗ್ರಿಗಿಂತ ಹೆಚ್ಚು ಏರಬಾರದು ಎಂಬ ಲೆಕ್ಕ ನಮಗೆ ಬೇಕೇ ಬೇಕು. ಆದರೆ ಅದು ಪತ್ರಿಕೆಯ ಪುಟದಿಂದ ಇಳಿದು ಜಗಲಿಗೆ ಬರುತ್ತಿಲ್ಲ. ಆರಿದ್ರಾ ಮಳೆ ತಪ್ಪಿದ ವರ್ಷ ಊರಿನ ಕೆರೆ ಏನಾಯಿತು, ಯಾವ ಹಕ್ಕಿ ಬರಲಿಲ್ಲ ಎಂದು ಅಜ್ಜಿ ಹೇಳಿದರೆ ಮಗು ಕಿವಿಗೊಟ್ಟು ಕೇಳುತ್ತದೆ, ಮತ್ತೆ ಪ್ರಶ್ನೆ ಕೇಳುತ್ತದೆ.

ಮೇಷ್ಟ್ರುಗಳೇ, ತಂದೆತಾಯಿಗಳೇ, ಹರಿಕಥೆ ದಾಸರೇ, ಯಕ್ಷಗಾನದ ಕಲಾವಿದರೇ, ಇಂಥ ಕಥೆ ಹೇಳಿಸುವ ಕೆಲಸ ನಿಮ್ಮಿಂದ ಆಗಬೇಕು. ಈ ರಜೆಯಲ್ಲಿ ಮಕ್ಕಳನ್ನು ಊರಿನ ಹಿರಿಯರ ಬಳಿ ಕೂರಿಸಿ. ಕೆರೆ ಕೋಡಿ ಬಿದ್ದದ್ದು ಯಾವಾಗ, ಯಾವ ಮರ ಕಡಿದರು, ಯಾವ ಪ್ರಾಣಿ ಈಗ ಕಾಣುವುದಿಲ್ಲ ಎಂದು ಕೇಳಿಸಿ, ಬರೆಸಿ, ಇಸವಿ ಹಾಕಿಸಿ. ಹೇಳುವಾಗ ಹೆದರಿಸಬೇಡಿ, ಇಲ್ಲದ್ದನ್ನು ಸೇರಿಸಲೂ ಬೇಡಿ. ಪ್ರತಿ ಬರಕ್ಕೂ ತಾಪವೊಂದೇ ಕಾರಣವಲ್ಲ. ಕೆರೆಯಂಗಳ ಒತ್ತುವರಿ ಮಾಡಿದ್ದು ನಾವೇ ಎಂಬುದೂ ಕಥೆಯಲ್ಲಿ ಬರಲಿ. ಕೊಕ್ಕರೆ ಬೆಳ್ಳೂರಿನ ಕಥೆಯಾದರೆ ಹುಣಸೆ ಫಸಲು ಕಳೆದುಕೊಂಡ ರೈತನ ಕಷ್ಟವೂ ಬರಲಿ. ಅವನನ್ನು ಬಿಟ್ಟು ಹಕ್ಕಿಯನ್ನಷ್ಟೇ ಹೊಗಳುವ ಕಥೆಯನ್ನು ಆ ಊರಿನವರೇ ನಂಬುವುದಿಲ್ಲ.

ಬರೆದದ್ದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಆಡಿಸಿ, ಗ್ರಾಮಸಭೆಯಲ್ಲಿ ಓದಿಸಿ. ಓದಿ ಮುಗಿದ ಮೇಲೆ ಕೆರೆಯ ಹೂಳು ಯಾವಾಗ ಎತ್ತುತ್ತೀರಿ ಎಂದು ಅದೇ ಸಭೆಯಲ್ಲಿ ಪಂಚಾಯಿತಿಯವರನ್ನು ಕೇಳಿ.